ಕರಗಿದ ಬೆಟ್ಟಗಳ ಲೆಕ್ಕ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ಕೆಂಗೇರಿ ಸಿಕ್ಕುವ ಮುನ್ನ ರಸ್ತೆಯ ಬಲಕ್ಕೆ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವು ಕಾಣಬರುತ್ತದೆ. ಸಾವಿರ ಎಕರೆಗೂ ಮೀರಿದ ಈ ನೆಲದಲ್ಲಿ ಒಂದು ಜೋರು ಮಳೆ ಹೊಯ್ದು ನಿಂತಮೇಲೆ ದಾರಿಯ ಬದಿಯ ಕಾಲುವೆಯನ್ನು ಬಗ್ಗಿ ನೋಡಿದರೆ, ಕೆಂಪು ಮಣ್ಣೆಲ್ಲ ತೊಳೆದುಹೋಗಿ ತಳದಲ್ಲಿ ಒರಟಾದ ಮರಳು ಉಳಿದಿರುವುದನ್ನು ಯಾರಾದರೂ ಗಮನಿಸಬಹುದು. ಅದನ್ನು ಒಂದು ಹಿಡಿಯಷ್ಟು ತೆಗೆದುಕೊಂಡು ಬಿಸಿಲಿಗೆ ಹಿಡಿಯಿರಿ. ಗಾಜಿನ ಚೂರಿನಂತೆ ಹೊಳೆಯುವುದು ಬೆಣಚುಕಲ್ಲು. ಹಾಲಿನ ಬಣ್ಣಕ್ಕೋ ತೆಳುಗೆಂಪಿಗೋ ತಿರುಗಿ ಚಪ್ಪಟೆ ಮುಖವನ್ನು ತೋರಿಸುವುದು ಫೆಲ್ಡ್‌ಸ್ಪಾರ್. ಅಲ್ಲಲ್ಲಿ ಮಿಣಮಿಣ ಎನ್ನುವ ತೆಳು ಹಾಳೆ ಕಾಗೆಬಂಗಾರ. ಈ ಮೂರೂ ಅಲ್ಲಿಯೇ ನೆಲದಿಂದ ತಲೆಯೆತ್ತಿರುವ ಬೂದುಬಣ್ಣದ ಪಟ್ಟೆಪಟ್ಟೆಯ ಬಂಡೆಯಿಂದ ಬಿಡಿಸಿಕೊಂಡು ಬಂದವು. ಆ ಬಂಡೆಯ ಹೆಸರು ನೈಸ್. ಲಾಲ್‌ಬಾಗಿನ ಗುಡ್ಡವೂ ಇದೇ ಕಲ್ಲು. ಇದಕ್ಕೆ ೧೯೧೬ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಭೂಗರ್ಭ ಇಲಾಖೆಯ ಸ್ಮೀತ್ ಎಂಬ ಅಧಿಕಾರಿ. ಇದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ.

ಕೈಯಲ್ಲಿರುವ ಮರಳನ್ನು ಮತ್ತೆ ಕಾಲುವೆಗೆ ಚೆಲ್ಲಿದರೆ ಅದು ಎಲ್ಲಿಗೆ ಹೋದೀತು? ಕಾಲುವೆ ಆವರಣದ ಅಂಚಿಗೆ ಹರಿಯುವ ವೃಷಭಾವತಿಗೆ ಇಳಿಯುತ್ತದೆ. ವೃಷಭಾವತಿ ಇಂದು ನಗರದ ಕೊಳೆನೀರನ್ನು ಹೊರುವ ತೊರೆಯಾಗಿದೆಯೆಂಬುದನ್ನು ಹೇಳಬೇಕಾದುದಿಲ್ಲ. ಆದರೆ ಮರಳಿಗೆ ನೀರು ಶುಭ್ರವೋ ಕೊಳಕೋ ಎಂಬ ಭೇದವಿಲ್ಲ, ಇಳಿಜಾರಿದ್ದರೆ ಸಾಕು. ವೃಷಭಾವತಿ ಅರ್ಕಾವತಿಯನ್ನೂ, ಅರ್ಕಾವತಿಯು ಮೇಕೆದಾಟಿಗೆ ಸಮೀಪದ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತವೆ. ಕಾವೇರಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಡುವೆ ಕಟ್ಟೆಗಳಿಲ್ಲದಿದ್ದ ಕಾಲದಲ್ಲಿ, ಜ್ಞಾನಭಾರತಿಯ ಒಂದು ಮರಳಿನ ಕಣ ಎಷ್ಟು ಮಳೆಗಾಲಗಳನ್ನು ಕಳೆದಾದರೂ ಸರಿಯೆ, ಒಂದು ದಿನ ತಂಜಾವೂರಿನ ಸೀಮೆಯಲ್ಲಿ ಭತ್ತದ ಗದ್ದೆಯ ಅಡಿಗೆ ಸೇರಿಕೊಳ್ಳುತ್ತಿತ್ತು.

ಒಂದು ಕಣದ ಕಥೆ ಹೀಗಾದರೆ, ಹೋದುದೆಲ್ಲವನ್ನೂ ಕೂಡಿಸಿದರೆ ಎಷ್ಟಾದೀತು? ಬೆಂಗಳೂರಿನ ನೆಲ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ, ಒಟ್ಟಿನ ಮೇಲೆ ಸಮವಾದ ಪ್ರಸ್ಥಭೂಮಿ. ಇಲ್ಲಿ ಒಂದು ಕಾಲಕ್ಕೆ ಭಾರಿ ಬೆಟ್ಟಗಳಿದ್ದುವೆಂದರೆ ನಂಬುವುದು ಕಷ್ಟ. ಆದರೆ ಬಂಡೆಯೇ ಸಾಕ್ಷಿ ನುಡಿಯುತ್ತದೆ. ಇಲ್ಲಿಂದ ದಕ್ಷಿಣಕ್ಕೆ ಕನಕಪುರದ ಸೀಮೆಯಲ್ಲಿರುವ ಕಬ್ಬಾಳದುರ್ಗದಲ್ಲಿ ಬೂದು ನೈಸ್ ತೇಪೆತೇಪೆಯಾಗಿ ಕಪ್ಪು ಹಸಿರಿನ ಚಾರ್ನೊಕೈಟ್ ಶಿಲೆಯಾಗಿ ಮಾರ್ಪಡುತ್ತಿದ್ದಂತೆಯೇ ಹೆಪ್ಪುಗಟ್ಟಿ ನಿಂತಿದೆ. ಇದನ್ನು ೧೯೬೦ರಲ್ಲಿ ಲೋಕದ ವಿಜ್ಞಾನಿಗಳ ಗಮನಕ್ಕೆ ತಂದವರು ನಮ್ಮವರೇ ಆದ ಸಿ. ಎಸ್. ಪಿಚ್ಚಮುತ್ತು ಅವರು. ಇಂತಹ ಮಾರ್ಪಾಡಿಗೆ ಬೇಕಾದ ಒತ್ತಡವನ್ನು ಖನಿಜಗಳಿಂದ ಲೆಕ್ಕಹಾಕಿದರೆ, ಅದು ಸುಮಾರು ೨೦ ಕಿಲೋಮೀಟರ್ ಆಳದಲ್ಲಿ ಮಾತ್ರ ದೊರೆಯತಕ್ಕದ್ದು. ಅಂದಮೇಲೆ ಇಂದು ದನಕಾಯುವ ಹುಡುಗರು ಕುಳಿತು ಬುತ್ತಿ ಬಿಚ್ಚುವ ಆ ಬಂಡೆಯ ಮೇಲೆ ಹಿಂದೆ ೨೦ ಕಿಲೋಮೀಟರ್ ದಪ್ಪದ ಕಲ್ಲು ಇದ್ದಿತು. ಅದೆಲ್ಲವೂ ಸವೆದು ಹೋಯಿತು. ಬೆಂಗಳೂರಿನ ಮೇಲಿದ್ದ ಹೊರೆ ಇದಕ್ಕಿಂತ ಕೊಂಚ ಕಡಮೆ. ಉತ್ತರದ ಕಡೆಗೆ ಹೋದಂತೆ ಅದು ಇನ್ನೂ ಕಡಮೆಯಾಗುತ್ತದೆ. ಕರ್ನಾಟಕದ ನೆಲವು ದಕ್ಷಿಣದ ತುದಿ ಮೇಲಕ್ಕೆದ್ದ ಓರೆಯ ಹಲಗೆಯಂತಿದ್ದು, ಬಡಗಿಯು ತೋಪಡ ಹಿಡಿದು ಮೇಲ್ಮುಖವನ್ನು ಸಮಮಾಡಿದರೆ ಹೇಗೋ ಹಾಗೆ ದಕ್ಷಿಣದಲ್ಲಿ ಆಳದ ಪದರಗಳು ಬಯಲಾಗಿವೆ.

ಹೋದ ಕಲ್ಲು ಎಲ್ಲಿಗೆ ಹೋಯಿತು, ಹೋದಲ್ಲಿ ಹೇಗೆ ಕೂತಿತು ಎಂಬುದೇ ಈ ಲೇಖನದ ವಿಷಯ. ಬೆಟ್ಟದ ಚರಿತ್ರೆಯನ್ನು ತಿಳಿಯಬಯಸುವವನು ಬೆಟ್ಟವಿದ್ದ ಜಾಗದಲ್ಲಿ ಹುಡುಕಿದರೆ ಸಿಗುವುದು ಸ್ವಲ್ಪವೇ. ಅಲ್ಲಿರುವುದು ಗಾಯದ ಕಲೆ ಮಾತ್ರ. ದಾಖಲೆಯೆಲ್ಲ ಪಕ್ಕದ ತಗ್ಗಿನಲ್ಲಿದೆ.

ತೂಗುಗುಂಡಿನ ತಕರಾರು

ಬೆಟ್ಟಕ್ಕೂ ತಗ್ಗಿಗೂ ಇರುವ ನಂಟು ನಮಗೆ ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ. ಅದರ ಒಂದು ಎಳೆ ಬೆಂಗಳೂರಿನಲ್ಲಿಯೇ ಮೊದಲಾಗುತ್ತದೆ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಎಂದರೆ ೧೮೦೦ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯನ್ನು ಹಾಸಿ ಒಂದು ಆಧಾರರೇಖೆಯನ್ನು ಅಳೆದನು. ಅಂತಹ ರೇಖೆಗಳನ್ನು ಪಾದವಾಗಿಟ್ಟುಕೊಂಡು ತ್ರಿಕೋನಗಳನ್ನು ಹೆಣೆಯುತ್ತ ಹೋದ ಮೋಜಣಿಯು, ಅವನ ತರುವಾಯ ಜಾರ್ಜ್ ಎವರೆಸ್ಟನ ಕಾಲದಲ್ಲಿ ಹಿಮಾಲಯದ ಬುಡವನ್ನು ಮುಟ್ಟಿತು. ಅಲ್ಲಿ ಒಂದು ತೊಡಕು ಎದುರಾಯಿತು. ಬೆಟ್ಟದ ಬುಡಕ್ಕೆ ಹತ್ತಿರದ ಕಲಿಯಾನ ಎಂಬ ಊರಿಗೂ, ದಕ್ಷಿಣಕ್ಕೆ ದೂರದ ಕಲಿಯಾನಪುರಕ್ಕೂ ನಡುವಣ ಅಂತರವನ್ನು ಸರಪಳಿ ಮತ್ತು ತ್ರಿಕೋನಗಳಿಂದ ಕಂಡುಕೊಂಡಾಗ ಬಂದ ಉತ್ತರವೇ ಬೇರೆ, ನಕ್ಷತ್ರಗಳನ್ನು ನೋಡಿ ಕಂಡುಕೊಂಡಾಗ ಬಂದ ಉತ್ತರವೇ ಬೇರೆ. ವ್ಯತ್ಯಾಸವು ೫.೨೩೬ ವಿಕಲೆ, ನೆಲದ ಮೇಲೆ ಸುಮಾರು ೧೬೦ ಮೀಟರ್. ಆರುನೂರು ಕಿಲೋಮೀಟರಿನಲ್ಲಿ ಇಷ್ಟು ತಪ್ಪು ಏನು ಮಹಾ ಎಂದು ನಮಗೆ ತೋರಬಹುದು. ಆ ಮೋಜಣಿದಾರರಿಗೆ ಅದು ಸಹಿಸಲಾಗದ ತಪ್ಪು.

ಕಲ್ಕತ್ತೆಯಲ್ಲಿದ್ದ ಪ್ರ್ಯಾಟ್ ಎಂಬ ಪಾದ್ರಿ ಇದಕ್ಕೆ ಕಾರಣವನ್ನು ಊಹಿಸಿದನು. ಹಿಮಾಲಯದ ರಾಶಿಯು ತೂಗುಗುಂಡನ್ನು ತನ್ನತ್ತ ಸೆಳೆಯುತ್ತಿರಬೇಕು. ನಕ್ಷತ್ರಗಳ ಎತ್ತರವನ್ನು ಅಳೆಯುವುದು ತೂಗುಗುಂಡಿನ ನೇರವನ್ನು ನಂಬಿಕೊಂಡಾದುದರಿಂದ ಲೆಕ್ಕ ಕೆಟ್ಟಿರಬೇಕು. ಸರಿ, ಬೆಟ್ಟಗಳ ಗಾತ್ರವನ್ನು ಹಿಡಿದು ಸೆಳೆತವನ್ನು ಗುಣಿಸಿದನು. ಉತ್ತರವು ಸುಮಾರು ೧೫.೯ ವಿಕಲೆ ಬಂದಿತು! ಎಂದರೆ ತೂಗುಗುಂಡು ಓಲಬೇಕಾದುದರಲ್ಲಿ ಮೂರನೆಯ ಒಂದು ಭಾಗ ಮಾತ್ರ ಓಲಿದೆ. ಅಷ್ಟೆತ್ತರದ ಪರ್ವತವು ತನ್ನ ಗಾತ್ರಕ್ಕೆ ತಕ್ಕ ತೂಕವನ್ನು ತೋರಿಸುತ್ತಿಲ್ಲ.

ಈ ಒಗಟನ್ನು ಬಿಡಿಸಿದವನು ಇಂಗ್ಲೆಂಡಿನ ರಾಜಜ್ಯೋತಿಷಿ ಏರಿ, ವರ್ಷ ೧೮೫೫. ಭೂಮಿಯ ಹೊರಚಿಪ್ಪು ಒಳಗಿನ ಭಾರವಾದ ಪದಾರ್ಥದ ಮೇಲೆ, ನೀರಿನ ಮೇಲೆ ಮರದ ದಿಮ್ಮಿಗಳು ತೇಲುವಂತೆ ತೇಲುತ್ತಿದೆ ಎಂದು ಅವನು ವಾದಿಸಿದನು. ಹೊಳೆಯಲ್ಲಿ ತೇಲುವ ದಿಮ್ಮಿಗಳಲ್ಲಿ ಯಾವುದು ನೀರಿನ ಮೇಲೆ ಹೆಚ್ಚು ಕಾಣುತ್ತದೆಯೋ ಅದೇ ನೀರಿನೊಳಗೂ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಹಾಗೆಯೇ ಹಿಮಾಲಯಕ್ಕೆ ಕೆಳಗಡೆ ಹಗುರವಾದ ಕಲ್ಲಿನ ದೊಡ್ಡ ಬೇರು ಇದೆ. ಆ ಬೇರಿನ ಹಗುರವು ಮೇಲಿನ ಬೆಟ್ಟದ ಸೆಳೆತವನ್ನು ಬಹುಪಾಲು ತೊಡೆದುಹಾಕುತ್ತದೆ. ತೇಲುವಿಕೆಯ ಈ ಸಮತೋಲವು ಇಂದು ಭೂವಿಜ್ಞಾನದ ಅಡಿಗಲ್ಲುಗಳಲ್ಲಿ ಒಂದು.

ಇದರಿಂದ ಒಂದು ವಿಚಿತ್ರ ಫಲ ಒದಗುತ್ತದೆ. ಚಿಪ್ಪಿನ ಕಲ್ಲು ನೀರಿಗಿಂತ ೨.೭ ಪಟ್ಟು ಭಾರ, ಅಡಿಯ ಪದಾರ್ಥ ೩.೩ ಪಟ್ಟು ಭಾರ ಎಂದಿಟ್ಟುಕೊಳ್ಳೋಣ. ಮಳೆ ಗಾಳಿಗಳು ಒಂದು ಪರ್ವತದ ನೆತ್ತಿಯಿಂದ ಒಂದು ಕಿಲೋಮೀಟರ್ ದಪ್ಪದ ಕಲ್ಲನ್ನು ಸವೆಸಿ ಒಯ್ದವು. ಹೊರೆ ಇಳಿದ ಎತ್ತಿನಗಾಡಿಯ ಮೂಕಿ ಮೇಲೇಳುವಂತೆ ಪರ್ವತವು ಕೆಳಗಿನಿಂದ ೮೦೦ ಮೀಟರಿಗೂ ಮಿಗಿಲಾಗಿ ಮೇಲೇಳುತ್ತದೆ. ಒಟ್ಟು ಎತ್ತರ ತಗ್ಗಿದುದು ೧೮೦ ಮೀಟರಿನಷ್ಟು ಮಾತ್ರ. ಪರ್ವತವನ್ನು ಒಂದು ಕಿಲೋಮೀಟರ್ ತಗ್ಗಿಸಬೇಕಾದರೆ ಐದೂವರೆ ಕಿಲೋಮೀಟರ್ ಕಲ್ಲನ್ನು ಹೊತ್ತು ಸಾಗಿಸಬೇಕು. ಕಬ್ಬಾಳದುರ್ಗದ ಮೇಲೆ ೨೦ ಕಿಲೋಮೀಟರ್ ಎತ್ತರದ ಶಿಖರವೇನೂ ನಿಂತಿರಲಿಲ್ಲ. ಇಂದಿನ ದೊಡ್ಡ ಪರ್ವತಗಳಷ್ಟು ಎತ್ತರವಿದ್ದಿದ್ದರೂ ಸಾಕು. ಸವೆದಂತೆಲ್ಲ ಬೇರು ಮೇಲೆ ಬರುತ್ತ, ಬಂದ ಬೇರು ಸವೆಯುತ್ತ, ಕೊನೆಗೆ ನೈಸ್ ಬಯಲಾಗಿ ನಿಂತಿತು. ನಾವು ಬೆಂಗಳೂರಿನವರು ಬೆಟ್ಟದ ಬೇರಿನ ಮೇಲೆ ಮನೆ ಕಟ್ಟಿಕೊಂಡಿರುವವರು.

ಹಗ್ಗದ ಮಂಚ

ಇನ್ನು ತಗ್ಗಿನ ಕಡೆ ನೋಡೋಣ. ನದಿಯು ತಂದ ಮಣ್ಣು ಮರಳುಗಳು ನಿಲ್ಲಬೇಕಾದರೆ ಅವಕ್ಕೆ ಎಡೆ ಬೇಕು. ನೂರು ಮೀಟರ್ ಆಳದ ಕಡಲಿಗೆ ಮೆಕ್ಕಲು ತುಂಬಿದರೆ, ಅದರ ಭಾರಕ್ಕೆ ತಳವು ಕುಸಿದು ಎರಡುನೂರು ಮೀಟರಿಗೂ ಸ್ವಲ್ಪ ಹೆಚ್ಚು ಹಿಡಿಸಬಹುದು. ಅದಕ್ಕೆ ಮೇಲೆ ತುಂಬಿ ಹೊರಚೆಲ್ಲುತ್ತದೆ. ಆದರೆ ಲೋಕದ ಅನೇಕ ತಗ್ಗುಗಳಲ್ಲಿ ಆಳವಿಲ್ಲದ ನೀರಿನಲ್ಲಿ ಮಾತ್ರ ಕೂರಬಲ್ಲ ಮರಳು ಐದಾರು ಕಿಲೋಮೀಟರ್ ದಪ್ಪಕ್ಕೆ ಕೂತಿದೆ. ಮೇಲೆ ತುಂಬುತ್ತಿದ್ದ ಹಾಗೆಲ್ಲ ಯಾರೋ ಕೆಳಗಿನಿಂದ ತಳವನ್ನು ಇಳಿಸುತ್ತಲೇ ಇದ್ದರೆಂದಾಯಿತು. ಯಾರು?

ಗಂಗೆಯ ಬಯಲಿನಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕವು ಏಷ್ಯದೊಡನೆ ಡಿಕ್ಕಿಹೊಡೆದು ಹಿಮಾಲಯ ಎದ್ದಿತು. ಚಿಪ್ಪು ಒಂದೊಂದು ದಿಮ್ಮಿಯಾಗಿ ಬಿಡಿಬಿಡಿಯಾಗಿಲ್ಲ, ಹಲಗೆಯಂತೆ ಒಂದಾಗಿದೆ. ಹೀಗಾಗಿ ಪರ್ವತದ ಭಾರವು ತನ್ನ ಬುಡವನ್ನಷ್ಟೇ ಅಲ್ಲದೆ ಎದುರಿನ ನೆಲವನ್ನೂ ಬಗ್ಗಿಸುತ್ತದೆ. ಹಗ್ಗದ ಮಂಚದ ಒಂದು ಕೊನೆಯಲ್ಲಿ ಸ್ಥೂಲಕಾಯರೊಬ್ಬರು ಕುಳಿತರೆ ಅವರ ಮುಂದೆಯೂ ಹಗ್ಗ ಜಗ್ಗಿ, ಮಂಚದ ಮೇಲಿದ್ದ ಎಲೆಅಡಿಕೆ ತಟ್ಟೆ ಅತ್ತ ಜಾರುತ್ತದಲ್ಲವೆ? ಗಂಗೆಯ ಬಯಲು ಆ ಜಗ್ಗು. ಹಿಮಾಲಯದ ಬುಡದಲ್ಲಿ ಅದರ ಮೆಕ್ಕಲು ಐದಾರು ಕಿಲೋಮೀಟರ್ ದಪ್ಪವಾಗಿದ್ದು, ದಕ್ಷಿಣಕ್ಕೆ ಬುಂದೇಲಖಂಡದ ಹಳೆಯ ಕಲ್ಲಿನ ಕಡೆ ಬಂದಂತೆ ತೆಳ್ಳಗಾಗಿ ಮುಗಿದುಹೋಗುತ್ತದೆ. ತಗ್ಗನ್ನು ತೋಡುವುದೂ ಬೆಟ್ಟವೇ, ತುಂಬುವುದೂ ಬೆಟ್ಟವೇ.

ಅಲ್ಲಿಯೂ ತುಂಬಿ ಮಿಕ್ಕುದು ಸಮುದ್ರದ ಪಾಲು. ಗಂಗೆ ಬ್ರಹ್ಮಪುತ್ರೆಗಳು ವರ್ಷವೊಂದಕ್ಕೆ ನೂರು ಕೋಟಿ ಟನ್ನುಗಳ ಆಸುಪಾಸಿನಲ್ಲಿ ಹೂಳನ್ನು ಹೊರುತ್ತವೆ. ಬಂಗಾಳ ಕೊಲ್ಲಿಯ ತಳದಲ್ಲಿ ಅದು ಬೀಸಣಿಗೆಯ ಆಕಾರಕ್ಕೆ ಹರಡಿ, ಮೂರು ಸಾವಿರ ಕಿಲೋಮೀಟರ್ ಉದ್ದಕ್ಕೆ, ಸಮಭಾಜಕ ವೃತ್ತವನ್ನೂ ದಾಟಿ ಹೋಗಿದೆ. ೨೦೧೫ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಸಂಶೋಧನಾ ಹಡಗು ಕೊಲ್ಲಿಯ ತಳವನ್ನು ಕೊರೆದು ಮಣ್ಣಿನ ಕಂಬಗಳನ್ನು ಎತ್ತಿತು. ಹಿಮಾಲಯದ ಚರಿತ್ರೆಯನ್ನು ಓದಲು ಹಡಗೇರಿ ಹೋಗಬೇಕಾದುದು ವಿನೋದವೇ ಸರಿ.

ಓದುವುದು ಹೇಗೆ? ಅಡುಗೆಮನೆಯಲ್ಲಿ ರೊಟ್ಟಿಗಳ ಅಡಕಿಲನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಒಂದೊಂದಾಗಿ ವರ್ಗಾಯಿಸಿದರೆ ಕ್ರಮ ತಿರುಗುಮುರುಗಾಗುತ್ತದೆ. ಮೇಲಿದ್ದುದು ತಳಕ್ಕೆ ಹೋಗುತ್ತದೆ. ಬೆಟ್ಟದ ನೆತ್ತಿಯ ಶಿಲೆ ಮೊದಲು ಸವೆಯುವುದರಿಂದ ಅದರ ಚೂರುಗಳು ತಗ್ಗಿನ ಅಡಿಯಲ್ಲಿರುತ್ತವೆ; ಬೆಟ್ಟದ ಗರ್ಭದ ಶಿಲೆಯ ಚೂರುಗಳು ಅವುಗಳ ಮೇಲೆ. ಕಣಗಳ ಗಾತ್ರವೂ ಮಾತನಾಡುತ್ತದೆ. ಶಿವಾಲಿಕ ಗುಡ್ಡಗಳು ಸುಮಾರು ಎರಡು ಕೋಟಿ ವರ್ಷಗಳೀಚೆಗೆ ಹಿಮಾಲಯದ ಮುಂದಣ ತಗ್ಗಿನಲ್ಲಿ ಕೂತ ಮೆಕ್ಕಲೇ. ಅವುಗಳ ಕೆಳಗಿನ ಸ್ತರಗಳಲ್ಲಿ ನಯವಾದ ಜೇಡಿ ಮತ್ತು ಸಣ್ಣ ಮರಳು, ನಡುವೆ ದಪ್ಪ ಮರಳು, ತುದಿಯಲ್ಲಿ ಕುಂಬಳಕಾಯಿ ಗಾತ್ರದ ಉಂಡೆಗಲ್ಲುಗಳು. ಪರ್ವತವು ಹೆಜ್ಜೆಹೆಜ್ಜೆಯಾಗಿ ಹತ್ತಿರ ಬಂದುದನ್ನು ಇದಕ್ಕಿಂತ ಸ್ಫುಟವಾಗಿ ಬರೆದಿಡುವುದು ಹೇಗೆ? ಕೊನೆಗೆ ಆ ಮೆಕ್ಕಲೂ ಪರ್ವತದ ಒತ್ತಡಕ್ಕೆ ಸಿಕ್ಕಿ ಮಡಿಸಿಕೊಂಡು ತಾನೇ ಗುಡ್ಡವಾಯಿತು.

ಇದಕ್ಕಿಂತ ಸೂಕ್ಷ್ಮವಾದ ಗಡಿಯಾರವೂ ಇದೆ. ಮರಳಿನಲ್ಲಿ ಅಪರೂಪಕ್ಕೆ ಸಿಕ್ಕುವ ಅಪಟೈಟ್ ಎಂಬ ಖನಿಜದೊಳಗೆ ಯುರೇನಿಯಂ ಪರಮಾಣುಗಳು ಒಡೆದು ಕೂದಲೆಳೆಗಿಂತ ತೆಳ್ಳಗಿನ ಗೀರುಗಳನ್ನು ಮಾಡುತ್ತವೆ. ಸುಮಾರು ೧೧೦ ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಆ ಗೀರುಗಳು ಮಾಸಿಹೋಗುತ್ತವೆ. ಆದುದರಿಂದ ಗೀರುಗಳನ್ನು ಎಣಿಸಿದರೆ, ಆ ಕಣವು ನೆಲದಡಿಯ ನಾಲ್ಕಾರು ಕಿಲೋಮೀಟರ್ ಆಳದ ಬಿಸಿಯಿಂದ ಮೇಲೆ ಬಂದು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಕಣವು ಮೇಲೆ ಬಂದ ಕಾಲಕ್ಕೂ ತಗ್ಗಿನಲ್ಲಿ ಕೂತ ಕಾಲಕ್ಕೂ ನಡುವೆ ಅಂತರ ಕಿರಿದಾಗಿದ್ದರೆ ಬೆಟ್ಟವು ಭರದಿಂದ ಏಳುತ್ತಿತ್ತು, ಭರದಿಂದ ಸವೆಯುತ್ತಿತ್ತು ಎಂದರ್ಥ.

ತಲೆಕೆಳಗಾದ ಕರ್ನಾಟಕ

ಈ ಓದುವಿಕೆಯನ್ನು ಕಲಿತುಕೊಂಡು ನಮ್ಮ ನಾಡಿಗೆ ಮರಳಿದರೆ ಆಶ್ಚರ್ಯ ಕಾದಿದೆ. ಚಿಕ್ಕಮಗಳೂರಿನ ಹತ್ತಿರ ಕರ್ತಿಕೆರೆ ಎಂಬಲ್ಲಿ ಹಳೆಯ ನೈಸಿನ ಮೇಲೆಯೇ ಕೂತ ಒಂದು ಉಂಡೆಗಲ್ಲಿನ ಪದರವಿದೆ. ಉಂಡೆಗಳು ಹೆಚ್ಚುಕಡಮೆ ಎಲ್ಲವೂ ಬೆಣಚುಕಲ್ಲು. ಬೆಣಚು ಖನಿಜಗಳಲ್ಲಿ ಬಲು ಗಟ್ಟಿ. ಫೆಲ್ಡ್‌ಸ್ಪಾರ್ ಮೊದಲಾದುವು ಕೊಳೆತು ಜೇಡಿಯಾದ ಮೇಲೂ ಅದು ಉಳಿಯುತ್ತದೆ. ಬೆಣಚು ಮಾತ್ರ ಉಳಿದಿದೆಯೆಂದರೆ ಆ ಕಾಲದ ನೆಲ ಬಹುಕಾಲ ಸದ್ದಿಲ್ಲದೆ ಮಲಗಿದ್ದು ನಿಧಾನವಾಗಿ ಕೊಳೆತಿರಬೇಕು. ಸಮೀಪದಲ್ಲಿ ಕಡಿದಾದ ಬೆಟ್ಟವಿರಲಿಲ್ಲ. (ಈ ಪದರದಲ್ಲಿ ನೀರಿನಲ್ಲಿ ಉರುಳಿ ಬಂದ ಪೈರೈಟ್ ಕಣಗಳೂ ಇವೆ. ಗಾಳಿಯಲ್ಲಿ ಆಮ್ಲಜನಕವಿದ್ದಿದ್ದರೆ ಅವು ತುಕ್ಕುಹಿಡಿದು ಹೋಗಬೇಕಾಗಿತ್ತು. ಅಂದಿನ ವಾಯುಮಂಡಲ ಇಂದಿನದಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.) ಆದರೆ ಅದೇ ಬಾಬಾಬುಡನ್ ಸೀಮೆಯ ಪೂರ್ವಭಾಗದಲ್ಲಿ, ಇದಕ್ಕಿಂತ ಮೇಲಣ ಸ್ತರದಲ್ಲಿ, ಕಲ್ದುರ್ಗದ ಉಂಡೆಗಲ್ಲಿನ ಪದರವಿದೆ. ಅದರ ಬಗೆಯೇ ಬೇರೆ. ಗ್ರಾನೈಟು, ನೈಸು, ಬೆಣಚುಶಿಲೆ, ಲಾವಾ—ಎಲ್ಲ ಜಾತಿಯ ಕಲ್ಲುಗಳೂ ಸಣ್ಣವು ದೊಡ್ಡವು ಎನ್ನದೆ ಸಂತೆಯಂತೆ ಬೆರೆತಿವೆ. ಹೀಗೆ ಕಲ್ಲುಗಳು ಬೇರ್ಪಡಲು ಪುರಸೊತ್ತಿಲ್ಲದೆ ಕೂರಬೇಕಾದರೆ ಅವು ದೂರದಿಂದ ಬಂದಿರಲಾರವು. ಹತ್ತಿರದಲ್ಲಿಯೇ ನೆಲವು ಕಡಿದಾಗಿ ಮೇಲೆದ್ದಿತ್ತು. ಆ ಬೆಟ್ಟದ ಕುರುಹು ಇಂದು ಎಲ್ಲಿಯೂ ಇಲ್ಲ. ಅದು ಎದ್ದ ಸುದ್ದಿಯನ್ನು ನಮಗೆ ಮುಟ್ಟಿಸಿದುದು ಅದರ ಕಲ್ಲುಗಳು.

ಇಂತಹ ಪದರಗಳನ್ನೆಲ್ಲ ಕಣ್ಣುಮುಚ್ಚಿ ಬೆಟ್ಟದ ಲೆಕ್ಕಕ್ಕೆ ಹಚ್ಚುವ ಹಾಗಿಲ್ಲ. ಚಿತ್ರದುರ್ಗ ಸೀಮೆಯ ತಾಳ್ಯದಲ್ಲಿರುವ ಉಂಡೆಗಲ್ಲುಗಳನ್ನು ಪರೀಕ್ಷಿಸಿದ ಕೆಲವು ವಿದ್ವಾಂಸರು, ಅವು ನೀರ್ಗಲ್ಲಿನ ಹೊಳೆ ಕಡಲಿಗೆ ತಂದು ಕೆಡವಿದುವೆಂದು ಅಭಿಪ್ರಾಯಪಟ್ಟಿದ್ದಾರೆ. ಬೆರಕೆ ಉಂಡೆಗಲ್ಲು ಕಂಡಲ್ಲೆಲ್ಲ ಹಿಮಾಲಯವನ್ನು ಕಾಣುವ ಆತುರ ಒಳ್ಳೆಯದಲ್ಲ.

ಈ ಮೆಕ್ಕಲುಗಳೆಲ್ಲ ೨೯೦ ಕೋಟಿಯಿಂದ ೨೬೦ ಕೋಟಿ ವರ್ಷಗಳ ಹಿಂದಣ ಅವಧಿಯವು. ಇವುಗಳಿಗಿಂತ ಹಳೆಯದಾದ ಸರಗೂರು ಗುಂಪಿನ ಬೆಣಚುಶಿಲೆಗಳಲ್ಲಿ ಜಿರ್ಕಾನ್ ಕಣಗಳು ದೊರೆತಿವೆ. ಅವುಗಳಲ್ಲಿ ಕೆಲವಕ್ಕೆ ೩೫೦ ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಜಿರ್ಕಾನ್ ಎಂತಹ ಪ್ರಯಾಣವನ್ನೂ ತಾಳಿಕೊಳ್ಳಬಲ್ಲ ಖನಿಜ. ಊರು ಹಾಳಾದ ಮೇಲೂ ವಂಶದವರ ಹೆಸರಿನ ಹಿಂದೆ ಊರ ಹೆಸರು ಉಳಿಯುವ ಹಾಗೆ, ತನ್ನ ತವರಿನ ವಯಸ್ಸನ್ನು ಅದು ಮರೆಯುವುದಿಲ್ಲ.

ಇನ್ನು ಮುಂದಿನದು ಎಲ್ಲಕ್ಕಿಂತ ಸೋಜಿಗದ ಮಾತು. ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ, ಈಗ ರಾಮನಗರದ ಗುಡ್ಡಗಳಾಗಿ ನಿಂತಿರುವ ಕ್ಲೋಸ್‌ಪೇಟೆ ಗ್ರಾನೈಟು ಕರಗಿದ ರೂಪದಲ್ಲಿ ಮೇಲೇರಿದ ಕಾಲಕ್ಕೆ, ಈ ತಗ್ಗುಗಳು ಎರಡು ಕಡೆಯಿಂದ ಅದುಮಲ್ಪಟ್ಟು, ಅವುಗಳ ಮೆಕ್ಕಲು ಮಡಿಸಿ ಮುರುಟಿ ಗಟ್ಟಿಯಾಯಿತು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು ೧೯೩೦ ಮೀಟರ್ ಎತ್ತರವಾಗಿದೆ. ಅದರ ನೆತ್ತಿಯ ಶಿಲೆಯು ಹಿಂದೊಂದು ಕಾಲಕ್ಕೆ ಕಡಲಿನ ತಳದಲ್ಲಿ ಪದರಪದರವಾಗಿ ಕೂತ ಕಬ್ಬಿಣದ ಮೆಕ್ಕಲು! ಕಬ್ಬಿಣ ಮತ್ತು ಬೆಣಚಿನ ಆ ಪದರಗಳು ಗಟ್ಟಿಯಾಗಿದ್ದುದರಿಂದ ಉಳಿದವು; ಅವಕ್ಕೆ ಆಸರೆಯಾಗಿದ್ದ ಸುತ್ತಣ ನೈಸ್ ಸವೆದು ಬಯಲಾಯಿತು. ಅಂದಿನ ತಗ್ಗು ಇಂದಿನ ಶಿಖರ, ಅಂದಿನ ಎತ್ತರ ಇಂದಿನ ಬಯಲು. ಬೆಟ್ಟಕ್ಕೆ ಹೋಗಿ ದೇವರಿಗೆ ಕೈಮುಗಿದು ಕೆಳಗೆ ನೋಡುವ ಯಾತ್ರಿಕನು ಸಮುದ್ರದ ತಳದಲ್ಲಿ ನಿಂತು ಪರ್ವತದ ಬೇರನ್ನು ನೋಡುತ್ತಿರುತ್ತಾನೆ.

ಮಡಿಸಿ ನಿಂತ ಆ ಶಿಲೆಗಳೂ ಸುಮ್ಮನೆ ಉಳಿಯಲಿಲ್ಲ. ಅವೂ, ಜೊತೆಗಿದ್ದ ಗ್ರಾನೈಟು ನೈಸುಗಳೂ ಸವೆದು ಉತ್ತರದಲ್ಲಿ ಕಲಾದಗಿಯ ತಗ್ಗನ್ನು ತುಂಬಿದುವು. ಬಾಗಲಕೋಟೆಯ ಸೀಮೆಯಲ್ಲಿ ಆ ಮೆಕ್ಕಲು ಕೂತು, ಬಗ್ಗಿ, ಸವೆದಮೇಲೆ ಅದರ ಓರೆಯ ಅಂಚುಗಳ ಮೇಲೆ ಮತ್ತೊಂದು ತಲೆಮಾರಿನ ಮರಳು ಚಪ್ಪಟೆಯಾಗಿ ಹಾಸಿಕೊಂಡಿತು. ರಾಮದುರ್ಗದ ಬಳಿ ಈ ಎರಡು ತಲೆಮಾರುಗಳ ನಡುವಣ ಕೊಂಡಿ ಕಣ್ಣಿಗೆ ಕಾಣುವಂತಿದೆ. ಮೇಲಣ ಮರಳೇ ಬಾದಾಮಿಯ ಕೆಂಪು ಕಲ್ಲು. ಚಾಲುಕ್ಯರ ಶಿಲ್ಪಿಗಳು ಆರನೆಯ ಶತಮಾನದಲ್ಲಿ ಗುಹೆಗಳನ್ನು ಕೊರೆದುದು ಅದರಲ್ಲಿಯೇ. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ. ಶ. ೫೭೮. ಅಲ್ಲಿಯ ಗೋಡೆಯನ್ನು ಹತ್ತಿರದಿಂದ ನೋಡಿದವರಿಗೆ ವಿಗ್ರಹಗಳ ಮೈಯ ಮೇಲೆಯೇ ಓರೆ ಓರೆಯಾದ ಮರಳಿನ ಪದರಗಳು ಕಾಣುತ್ತವೆ. ಹರಿಯುವ ನೀರು ಹಾಸಿದ ಪದರಗಳವು.

ಕಾವೇರಿ ಪೂರ್ವಕ್ಕೆ ಹರಿದುದೇಕೆ?

ಈಚಿನ ಕಾಲಕ್ಕೆ ಬರೋಣ. ಭೂಚರಿತ್ರೆಯಲ್ಲಿ ಹತ್ತಿಪ್ಪತ್ತು ಕೋಟಿ ವರ್ಷ ಈಚೆಗೇ ಸರಿ. ಸುಮಾರು ೧೩ ಕೋಟಿ ವರ್ಷಗಳ ಹಿಂದೆ ಭಾರತವು ಅಂಟಾರ್ಕ್ಟಿಕದಿಂದ ಬಿಡಿಸಿಕೊಂಡಾಗ ಪೂರ್ವದ ಅಂಚಿನ ಚಿಪ್ಪು ಎಳೆಯಲ್ಪಟ್ಟು ತೆಳ್ಳಗಾಗಿ, ಸೀಳಿ, ಕುಸಿಯಿತು. ಹೀಗೆ ಹುಟ್ಟಿದುದು ಕಾವೇರಿಯ ತಗ್ಗು. ಇಲ್ಲಿ ಎಡೆಯನ್ನು ಮಾಡಿಕೊಟ್ಟದ್ದು ಬೆಟ್ಟದ ಭಾರವಲ್ಲ, ನೆಲದ ಎಳೆತ. ಅರಿಯಲೂರಿನ ಕಡಲಚಿಪ್ಪುಗಳ ಸುಣ್ಣಕಲ್ಲೂ, ಸಾತ್ತನೂರಿನಲ್ಲಿ ಕಲ್ಲಾಗಿ ಬಿದ್ದಿರುವ ದೊಡ್ಡ ಮರವೂ ಆ ತಗ್ಗಿನ ಹಳೆಯ ಮೆಕ್ಕಲಿಗೆ ಸೇರಿದವು. ಕೆಲವೆಡೆ ಒಟ್ಟು ದಪ್ಪ ಐದು ಕಿಲೋಮೀಟರಿಗೂ ಮೇಲೆ.

ಎಡೆ ಪೂರ್ವದಲ್ಲಾಯಿತು, ಸರಕನ್ನು ಅತ್ತ ಕಳುಹಿಸಿದುದು ಪಶ್ಚಿಮದ ಏರು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ನಮ್ಮ ಪಶ್ಚಿಮದ ಅಂಚಿನಿಂದ ಕಳಚಿಕೊಂಡಿತು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಕಂಬಕಂಬವಾಗಿ ನಿಂತಿರುವ ಲಾವಾಶಿಲೆ ಆ ಅಗಲಿಕೆಯ ಕಾಲದ್ದು. ಒಡೆದ ಅಂಚು ಎತ್ತರವಾಗಿ ನಿಂತಿತು. ಕಡಲ ಕಡೆಯ ಇಳಿಜಾರನ್ನು ಮಳೆ ತಿನ್ನುತ್ತ ಹೊರೆ ಇಳಿಸಿದಂತೆಲ್ಲ ಅಂಚು ಮತ್ತಷ್ಟು ಮೇಲೆದ್ದು, ನೆಲವೆಲ್ಲ ಪೂರ್ವಕ್ಕೆ ವಾಲಿತು. ತಲಕಾವೇರಿಯಿಂದ ಕಾಸರಗೋಡಿನ ಕರಾವಳಿ ನೇರವಾಗಿ ಅಳೆದರೆ ಐವತ್ತು ಕಿಲೋಮೀಟರಿಗೂ ಒಳಗೆ. ಕಾವೇರಿಯಾದರೋ ಆ ಕಡಲಿಗೆ ಬೆನ್ನುಹಾಕಿ ಎಂಟುನೂರು ಕಿಲೋಮೀಟರ್ ನಡೆದು ಇನ್ನೊಂದು ಕಡಲನ್ನು ಸೇರುತ್ತದೆ. ಘಟ್ಟವು ಎದ್ದುದು ಒಂದೇ ಸಾರಿಯೋ, ಮತ್ತೆ ಮತ್ತೆಯೋ ಎಂಬುದರಲ್ಲಿ ಮತಭೇದವಿದೆ. ಬಿ. ಪಿ. ರಾಧಾಕೃಷ್ಣ ಅವರು ಶಿವನಸಮುದ್ರ, ಜೋಗಗಳಂತಹ ಜಲಪಾತಗಳ ಕಡಿದಾದ ನಿಲುವನ್ನು ನೋಡಿ, ಪರ್ಯಾಯದ್ವೀಪವು ಭೂಚರಿತ್ರೆಯ ದೃಷ್ಟಿಯಿಂದ ಈಚೆಗೂ ಮೇಲೆದ್ದಿದೆಯೆಂದು ಬಲವಾಗಿ ವಾದಿಸಿದರು. ಮುದಿಯೆಂದು ನಾವು ತಿಳಿದ ನೆಲಕ್ಕೆ ಮರಳಿ ಪ್ರಾಯ ಬಂದಿದೆಯೆಂಬ ಅವರ ಮಾತು ನನಗಂತೂ ಒಪ್ಪಿಗೆಯಾಗುತ್ತದೆ. ಬಹುಕಾಲ ಸುಮ್ಮನಿದ್ದ ನೆಲದಲ್ಲಿ ನದಿ ಹಾಗೆ ಧುಮುಕಬಾರದು.

ಕೊಟ್ಟವರ ಪಾಡು

ಇದೆಲ್ಲ ಕೋಟಿ ವರ್ಷಗಳ ಮಾತಾಯಿತು, ನಮಗೇನು ಎನ್ನುವವರು ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಕೊಳವೆಬಾವಿ ತೋಡಿಸುವುದನ್ನು ಒಮ್ಮೆ ನಿಂತು ನೋಡಬೇಕು. ಮೊದಲ ಕೆಲವು ಮೀಟರ್ ಕೆಂಪು ಮಣ್ಣು, ಅದರಡಿಯಲ್ಲಿ ಕೈಯಿಂದ ಪುಡಿಮಾಡಬಹುದಾದ ಕೊಳೆತ ಕಲ್ಲು. ಅಲ್ಲಿಂದಾಚೆಗೆ ಬಿಳಿಯ ಹುಡಿಯನ್ನು ಉಗುಳುವ ಗಟ್ಟಿ ಬಂಡೆ. ಆ ಬಂಡೆಯ ಮೈಯಲ್ಲಿ ನೀರಿಗೆ ಎಡೆಯಿಲ್ಲ. ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಸಾವಿರ ಅಡಿ ಹೋದರೂ ಹುಡಿಯೇ ಗತಿ. ಗಂಗೆಯ ಬಯಲಿನ ರೈತನ ಕಾಲಕೆಳಗೆ ನೂರಾರು ಮೀಟರ್ ದಪ್ಪದ ಮರಳು ನೀರನ್ನು ಹೀರಿ ಹಿಡಿದುಕೊಂಡಿದೆ. ಕಾವೇರಿಯ ಮುಖಜಭೂಮಿಯಲ್ಲೂ ಹಾಗೆಯೇ. ಮೆಕ್ಕಲನ್ನು ಪಡೆದವರಿಗೆ ನೀರಿನ ಕಣಜ ಸಿಕ್ಕಿತು. ಕೊಟ್ಟವರಾದ ನಮಗೆ ಬರಿಯ ಬಂಡೆ ಉಳಿಯಿತು. ೨೦೨೪ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾವಿರಗಟ್ಟಲೆಯಾಗಿ ಬತ್ತಿದುದು ಮಳೆಯ ಕೊರತೆಯಿಂದ, ಎಲ್ಲೆಯಿಲ್ಲದೆ ತೋಡಿದುದರಿಂದ, ಕೆರೆಗಳು ಹೋದುದರಿಂದ. ಆದರೆ ಅಷ್ಟು ಬೇಗ ಬತ್ತಲು ಅವಕಾಶವಾದುದು ಕೂಡಿಟ್ಟುಕೊಳ್ಳಲು ಮರಳಿಲ್ಲದ ಈ ನೆಲದಿಂದ. ನಮ್ಮ ಹಿರಿಯರು ಸಾಲುಸಾಲಾಗಿ ಕೆರೆ ಕಟ್ಟಿದುದಕ್ಕೆ ಕಾರಣವೂ ಇದೇ. ನೆಲದಡಿಯಲ್ಲಿ ಇಲ್ಲದ ಕಣಜವನ್ನು ಅವರು ನೆಲದ ಮೇಲೆ ಮಾಡಿಕೊಂಡರು.

ಈಗ ನಗರಕ್ಕೆ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಹತ್ತಿ ಬರುತ್ತಿದೆ. ನಮ್ಮ ಮರಳು ಕೋಟಿ ವರ್ಷಗಳಿಂದ ಬಿಟ್ಟಿಯಾಗಿ ಇಳಿದುಹೋದ ಇಳಿಜಾರನ್ನೇ ನೀರು ವಿದ್ಯುತ್ತಿನ ಖರ್ಚಿನಲ್ಲಿ ಏರುತ್ತಿದೆ.

ಮೊದಲು ಹೇಳಿದ ಆ ಹಿಡಿ ಮರಳು ಇಂದು ತಂಜಾವೂರನ್ನು ಮುಟ್ಟುವುದಿಲ್ಲ. ಬಿಡದಿಯ ಹತ್ತಿರದ ಬೈರಮಂಗಲದ ಕೆರೆಯಲ್ಲಿಯೇ ಅದರ ಬಹುಭಾಗ ನಿಂತುಬಿಡುತ್ತದೆ. ಅದನ್ನು ದಾಟಿದುದಕ್ಕೆ ೧೯೩೪ರಲ್ಲಿ ಮುಗಿದ ಮೆಟ್ಟೂರಿನ ಅಣೆಕಟ್ಟು ಅಡ್ಡ ನಿಂತಿದೆ. ಆಚೆಗೆ ಮುಖಜಭೂಮಿಯಲ್ಲಿ ಮೆಕ್ಕಲು ತನ್ನ ಭಾರಕ್ಕೆ ತಾನೇ ಅದುಮಿಕೊಂಡು ತಗ್ಗುವುದು ಮಾತ್ರ ನಿಂತಿಲ್ಲ. ಮೇಲೆ ಬಂದು ಬೀಳಬೇಕಾದ ಹೊಸ ಹೂಳು ಕಡಮೆಯಾಗಿದೆ. ಹೂಳಿನ ಆವಕ ತಗ್ಗಿದ ಇಂತಹ ಕರಾವಳಿಗಳಲ್ಲಿ ಕಡಲು ಒಳಗೆ ಬರುತ್ತದೆ, ಬಾವಿಗಳ ನೀರು ಉಪ್ಪಾಗುತ್ತದೆ.

ಎಂದಾದರೂ ಪೂಂಪುಹಾರಿನ ಕಡಲ ದಂಡೆಗೆ ಹೋಗುವ ಓದುಗರು ಅಲ್ಲಿಯದೊಂದು ಚಿಟಿಕೆ ಮರಳನ್ನು ಪೊಟ್ಟಣ ಕಟ್ಟಿ ತರಲಿ. ಜ್ಞಾನಭಾರತಿಯ ಕಾಲುವೆಯ ಮರಳನ್ನು ಅದರ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ, ಇಲ್ಲಿಯದು ಮೂಲೆಮೂಲೆಯಾಗಿ, ಫೆಲ್ಡ್‌ಸ್ಪಾರಿನ ಚೂರುಗಳಿಂದ ತುಂಬಿರುವುದು ಕಾಣುತ್ತದೆ. ಅಲ್ಲಿಯದರಲ್ಲಿ ಮೂಲೆಗಳು ಎಷ್ಟು ಸವೆದಿವೆ, ಫೆಲ್ಡ್‌ಸ್ಪಾರ್ ಎಷ್ಟು ಉಳಿದಿದೆ ಎಂಬುದನ್ನು ಎಣಿಸಿ ನೋಡಬಹುದು.